ಗಾಲಿಯ ವಾರ್ನಿಷ್

ಕಾರಿನ ಗಾಲಿಗೆ ಮರುಬಣ್ಣ ಹೊಡೆಸಲು ಹೊರಟವರ ಮಾತೆಲ್ಲ ಬಣ್ಣದ ಬಗ್ಗೆಯೇ ಇರುತ್ತದೆ. ಮೊದಲಿನ ಬೆಳ್ಳಿ ಬಣ್ಣವೇ ಇರಲೋ, ಗನ್‌ಮೆಟಲ್ ಬೂದು ಮಾಡಿಸುವುದೋ, ಕಪ್ಪೋ. ಕಪ್ಪಾದರೆ ಮಿರುಗುವ ಕಪ್ಪೋ ಮ್ಯಾಟ್ ಕಪ್ಪೋ. ಇದೆಲ್ಲ ಇತ್ಯರ್ಥವಾದ ಮೇಲೆ, ಬಣ್ಣದ ಮೇಲೆ ಹೊಡೆಯುವ ಬಣ್ಣವಿಲ್ಲದ ಲೇಪದ ಸರದಿ. ಡಬ್ಬಿಯ ಮೇಲೆ ಅದರ ಹೆಸರು ಕ್ಲಿಯರ್ ಕೋಟ್, ಗ್ಯಾರೇಜಿನವರ ಬಾಯಲ್ಲಿ ಹೆಚ್ಚಾಗಿ ಲ್ಯಾಕರ್. ಅದಕ್ಕಾಗಿ ಯಾರೂ ಎರಡು ನಿಮಿಷ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಪದರಗಳ ದಪ್ಪ ಅಳೆದು ನೋಡಿದರೆ ತೂಕ ತಿರುಗಿಬೀಳುತ್ತದೆ. ಇಂದಿನ ಪದ್ಧತಿಯಲ್ಲಿ ಬಣ್ಣದ ಪದರ ಸುಮಾರು 15 ಮೈಕ್ರಾನ್. ಅದರ ಮೇಲಿನ ಪಾರದರ್ಶಕ ಪದರ 40ರಿಂದ 50 ಮೈಕ್ರಾನ್. ನಮಗೆ ಕಾಣುವುದಕ್ಕಿಂತ ಕಾಣದಿರುವುದು ಮೂರು ಪಟ್ಟು ದಪ್ಪ. ಮಳೆ, ಬಿಸಿಲು, ಬ್ರೇಕಿನ ಧೂಳು, ರಸ್ತೆಯ ಜಲ್ಲಿ, ಎಲ್ಲವೂ ಮೊದಲು ಮುಟ್ಟುವುದು ಅದನ್ನೇ. ಬಣ್ಣ ಒಂದು ಪದರದ ಕೆಲಸ, ಕಾವಲು ಇನ್ನೊಂದರ ಕೆಲಸ ಎಂಬ ಈ ವಿಂಗಡಣೆಯನ್ನು ಆಧುನಿಕ ರಸಾಯನಶಾಸ್ತ್ರದ ಕೊಡುಗೆ ಎಂದು ಹೇಳುವುದು ರೂಢಿ. ಬಣ್ಣದ ಕಸುಬಿನ ಇತಿಹಾಸ ಹಾಗೆ ಹೇಳುವುದಿಲ್ಲ. ಕುದುರೆ ಸಾರೋಟಿಗೆ ಬಣ್ಣ ಬಳಿಯುತ್ತಿದ್ದವರಿಗೆ ಇದು ಗೊತ್ತಿತ್ತು; ಗಾಲಿಗೆ ಒಡಲಿನ ಲೇಪ ಸಲ್ಲದು, ಬೇರೆಯದೇ ಬೇಕು ಎಂಬುದೂ ಗೊತ್ತಿತ್ತು. ಕಾರು ಉದ್ಯಮ ಅವಸರದಲ್ಲಿ ಆ ತಿಳಿವಳಿಕೆಯನ್ನು ಕೈಬಿಟ್ಟಿತು, ಅರ್ಧ ಶತಮಾನದ ನಂತರ ಬೇರೆ ಹೆಸರಿನಲ್ಲಿ ಮರಳಿ ಪಡೆಯಿತು ಎಂಬುದು ನನ್ನ ವಾದ.

ಸಾರೋಟಿನ ಕಾಲದ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಹದಿನೆಂಟನೆಯ ಶತಮಾನದ ಪ್ಯಾರಿಸಿನಲ್ಲಿ ಮಾರ್ಟಿನ್ ಸಹೋದರರು ರಾಜನಿಂದ ವಿಶೇಷ ಹಕ್ಕು ಪಡೆದು ತಯಾರಿಸುತ್ತಿದ್ದ ವಾರ್ನಿಷ್ ಪೀಠೋಪಕರಣಗಳಷ್ಟೇ ಸಾರೋಟುಗಳ ಮೇಲೂ ಮೆರೆಯಿತು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಲಂಡನ್ನಿನಲ್ಲೂ ಅಮೆರಿಕದ ಪೂರ್ವ ತೀರದ ಊರುಗಳಲ್ಲೂ ಸಾರೋಟಿನ ಬಣ್ಣಗಾರಿಕೆ ತನ್ನದೇ ಕೈಪಿಡಿಗಳುಳ್ಳ ದೊಡ್ಡ ಕಸುಬಾಗಿತ್ತು. ಮರಕ್ಕೆ ಮೊದಲು ಸೀಸದ ಬಿಳಿ ಬೆರೆಸಿದ ಅಗಸೆ ಎಣ್ಣೆಯ ಪದರ, ಅದರ ಮೇಲೆ ಗುಳಿ ತುಂಬುವ ಪದರಗಳು, ಪ್ರತಿಯೊಂದನ್ನೂ ನೀರು ಮತ್ತು ಪ್ಯೂಮಿಸ್ ಕಲ್ಲಿನಿಂದ ಉಜ್ಜಿ ಸಮ ಮಾಡುವುದು. ಆಮೇಲೆ ಬಣ್ಣ, ಅದು ಎಣ್ಣೆ ಕಡಿಮೆಯಿದ್ದ, ಬೇಗ ಒಣಗುವ, ಹೊಳಪಿಲ್ಲದ ಬಣ್ಣ. ಅದನ್ನು ಹಾಗೆಯೇ ರಸ್ತೆಗೆ ಬಿಟ್ಟರೆ ಬಾಳುವುದಿಲ್ಲ ಎಂದು ತಿಳಿದೇ ಬಳಿಯುತ್ತಿದ್ದರು. ಹೊಳಪೂ ಬಾಳಿಕೆಯೂ ಬರುತ್ತಿದ್ದುದು ಅದರ ಮೇಲೆ ಹಲವು ಸಲ ಬಳಿಯುವ ವಾರ್ನಿಷಿನಿಂದ. ಕೆಳಗಿನ ವಾರ್ನಿಷ್ ಉಜ್ಜುವುದಕ್ಕೆಂದೇ ಗಟ್ಟಿಯಾಗಿ ಒಣಗುವಂಥದು, ಕಟ್ಟಕಡೆಯದು ಉಜ್ಜದೆ ಹರಿದು ತಾನೇ ಕನ್ನಡಿಯಾಗುವಂಥದು. ಕಡೆಯ ಪದರ ಬಳಿಯುವ ಕೋಣೆಯ ಕಿಟಕಿ ಮುಚ್ಚಿ, ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿ, ಬೇರೆಯವರು ಒಳಗೆ ಬಾರದಂತೆ ನೋಡಿಕೊಳ್ಳುತ್ತಿದ್ದರು. ಒಂದು ಒಳ್ಳೆಯ ಸಾರೋಟು ಬಣ್ಣದ ಕೋಣೆಯಿಂದ ಹೊರಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತಿದ್ದವು.

ಆ ವಾರ್ನಿಷಿನ ಒಡಲಲ್ಲಿ ಇದ್ದದ್ದು ಎರಡೇ ವಸ್ತು, ರಾಳ ಮತ್ತು ಎಣ್ಣೆ. ಎಣ್ಣೆ ಅಗಸೆಯದು. ಉತ್ತರ ಕರ್ನಾಟಕದ ಊಟದಲ್ಲಿ ಚಟ್ನಿಪುಡಿಯಾಗುವ ಅದೇ ಅಗಸೆ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದಿಂದ ಬ್ರಿಟನ್ನಿಗೆ ಹಡಗು ತುಂಬ ಹೋಗುತ್ತಿದ್ದ ಸರಕು. ರಾಳ ಇನ್ನೂ ದೂರದಿಂದ ಬರುತ್ತಿತ್ತು. ಪೂರ್ವ ಆಫ್ರಿಕದ ಕರಾವಳಿಯಲ್ಲಿ ನೆಲದಡಿ ಹೂತುಹೋಗಿ ಕಲ್ಲಿನಂತಾಗಿದ್ದ ಕೋಪಲ್ ರಾಳವನ್ನು ಅಗೆದು ಜಂಜಿಬಾರಿಗೆ ತರುತ್ತಿದ್ದರು; ಅದರಲ್ಲಿ ಒಂದು ಪಾಲು ಮುಂಬಯಿಗೆ ಬಂದು ಅಲ್ಲಿಂದ ಯುರೋಪಿಗೆ ಹೋಗುತ್ತಿತ್ತು. ನ್ಯೂಜಿಲೆಂಡಿನ ಕೌರಿ ಮರದ ರಾಳ ಆ ಶತಮಾನದ ಉತ್ತರಾರ್ಧದಲ್ಲಿ ಆಕ್ಲೆಂಡಿನ ಮುಖ್ಯ ರಫ್ತೇ ಆಗಿತ್ತು. ಇಷ್ಟು ದೂರದಿಂದ, ಇಷ್ಟು ಖರ್ಚು ಮಾಡಿ ತರುತ್ತಿದ್ದುದು ಬಣ್ಣವಿಲ್ಲದ ಒಂದು ಪದರಕ್ಕಾಗಿ ಎಂಬುದನ್ನು ಗಮನಿಸಬೇಕು. ಆ ಕಾಲದ ಕಸುಬುದಾರ ಯಾವ ಪದರಕ್ಕೆ ಎಷ್ಟು ಬೆಲೆ ಕೊಡುತ್ತಿದ್ದ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನನ್ನ ವಾದಕ್ಕೆ ಇನ್ನೂ ಹತ್ತಿರವಾದ ಸಾಕ್ಷಿ ಗಾಲಿಯದು. ಸಾರೋಟಿನ ವಾರ್ನಿಷ್ ಮಾರುತ್ತಿದ್ದವರ ಪಟ್ಟಿಗಳಲ್ಲಿ ಒಡಲಿಗೊಂದು ವಾರ್ನಿಷ್, ಗಾಲಿ ಮತ್ತು ತಳಗಟ್ಟಿಗೆ ಇನ್ನೊಂದು ಎಂದು ಬೇರೆ ಬೇರೆ ಹೆಸರುಗಳಿದ್ದವು. ಒಡಲಿನ ವಾರ್ನಿಷಿನಲ್ಲಿ ಎಣ್ಣೆ ಧಾರಾಳ, ಬಣ್ಣ ತಿಳಿ, ಒಣಗುವುದು ನಿಧಾನ. ಅಲ್ಲಿ ಬೇಕಾದ್ದು ಆಳವಾದ ಹೊಳಪು. ಗಾಲಿಯದು ಬೇಗ ಗಟ್ಟಿಯಾಗಬೇಕು, ಆದರೂ ಪೆಡಸಾಗಬಾರದು, ಏಕೆಂದರೆ ಕಲ್ಲು ರಸ್ತೆಯ ಮೇಲೆ ಓಡುವಾಗ ಮರದ ಕಡ್ಡಿಗಳು ಅಲುಗುತ್ತವೆ, ಬಾಗುತ್ತವೆ, ಅವುಗಳ ಜೊತೆ ಪದರವೂ ಬಾಗಬೇಕು. ಕೆಸರು ಅಂಟಿ ಒಣಗಿದರೆ ಕಲೆ ಬೀಳಬಾರದು. ದಿನವೂ ಬಕೆಟ್ಟು ನೀರು ಸುರಿದು ತೊಳೆದರೆ ಬಿಳುಚಬಾರದು. ಕುದುರೆ ಲಾಯದ ಗೊಬ್ಬರದಿಂದ ಏಳುವ ಅಮೋನಿಯಾ ವಾರ್ನಿಷಿನ ಶತ್ರು, ಆದ್ದರಿಂದ ಸಾರೋಟಿನ ಮನೆಯನ್ನು ಲಾಯಕ್ಕೆ ಅಂಟಿಸಿ ಕಟ್ಟಬೇಡಿ ಎಂಬ ಸಲಹೆ ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಗಾಲಿಯನ್ನು ಕಳಚಿ, ಅಡ್ಡಗೂಟಕ್ಕೆ ಸಿಕ್ಕಿಸಿ ತಿರುಗಿಸುತ್ತ, ಕಡ್ಡಿಯ ಮೂಲೆಗಳಲ್ಲಿ ವಾರ್ನಿಷ್ ಮಡುಗಟ್ಟದಂತೆ ಕುಂಚವಾಡಿಸುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಈ ಪದರ ಸವೆದುಹೋಗುವುದಕ್ಕೇ ಇರುವುದು ಎಂದು ಅವರು ಒಪ್ಪಿಕೊಂಡಿದ್ದರು. ವರ್ಷಕ್ಕೊಮ್ಮೆ ಬಂಡಿಯನ್ನು ತಂದು, ಕಿತ್ತುಹೋದಲ್ಲಿ ಬಣ್ಣ ತೀಡಿಸಿ, ಹೊಸ ವಾರ್ನಿಷ್ ಬಳಿಸುವುದು ಮಾಮೂಲು ವ್ಯವಹಾರ. ವಾರ್ನಿಷ್ ಹೋದರೆ ವಾರ್ನಿಷ್ ಬಳಿಯಬೇಕು. ಬಣ್ಣಕ್ಕೆ ಕೈ ಹಾಕುವ ಹೊತ್ತು ಬಂದರೆ ತಡವಾಯಿತೆಂದೇ ಅರ್ಥ.

ಈ ವ್ಯವಸ್ಥೆಯನ್ನು ಮುರಿದದ್ದು ಅದರ ದೋಷವಲ್ಲ, ಅದರ ನಿಧಾನ. 1913ರಲ್ಲಿ ಫೋರ್ಡ್ ತನ್ನ ಹೈಲೆಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಲಿಸುವ ಜೋಡಣೆ ಸಾಲನ್ನು ಹೂಡಿದ ಮೇಲೆ, ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಷಾಸಿ ಜೋಡಣೆ ಒಂದೂವರೆ ಗಂಟೆಗೆ ಇಳಿಯಿತು. ದಿನಕ್ಕೆ ಸಾವಿರ ಕಾರು ಹೊರಬರುವಲ್ಲಿ ಪ್ರತಿಯೊಂದಕ್ಕೂ ಒಂದು ತಿಂಗಳು ಒಣಗಲು ಬಿಟ್ಟರೆ ಮೂವತ್ತು ಸಾವಿರ ಕಾರುಗಳಿಗೆ ಧೂಳಿಲ್ಲದ ಸೂರು ಬೇಕು. ಯಾವ ಕಾರ್ಖಾನೆಯೂ ಅದನ್ನು ತಾಳದು. ಫೋರ್ಡ್ ಕಂಡುಕೊಂಡ ದಾರಿ ಕಪ್ಪು. 1914ರಿಂದ 1925ರವರೆಗೆ ಮಾಡೆಲ್ ಟಿ ಕಾರು ಕಪ್ಪು ಬಣ್ಣದಲ್ಲಿ ಮಾತ್ರ ಸಿಗುತ್ತಿತ್ತು. ಕಬ್ಬಿಣದ ಭಾಗಗಳನ್ನು ಡಾಂಬರಿನ ಜಾತಿಯ ಕಪ್ಪು ಎನಾಮಲ್ಲಿನಲ್ಲಿ ಅದ್ದಿ ಒಲೆಯಲ್ಲಿ ಬೇಯಿಸಬಹುದಿತ್ತು. ಬೇಯಿಸಿದರೆ ಹಳದಿಯಾಗುವ ಭಯ ಕಪ್ಪಿಗಿಲ್ಲ. ಬಣ್ಣವೂ ಕಾವಲೂ ಒಂದೇ ಪದರದೊಳಗೆ ಕೂಡಿಕೊಂಡದ್ದು ಇಲ್ಲಿ. ಎರಡನೆಯ ಹೆಜ್ಜೆ ಡುಪಾಂಟ್ ಕಂಪನಿಯದು. ಮೊದಲ ಮಹಾಯುದ್ಧ ಮುಗಿದ ಮೇಲೆ ಸಿಡಿಮದ್ದಿಗಾಗಿ ನೈಟ್ರೋಸೆಲ್ಯುಲೋಸ್ ಮಾಡುತ್ತಿದ್ದ ದೊಡ್ಡ ಸಾಮರ್ಥ್ಯ ಅದರ ಬಳಿ ಉಳಿದಿತ್ತು. ಹತ್ತಿಯಿಂದ ಬಂದ ಆ ವಸ್ತುವನ್ನು ತೆಳುವಾಗಿ ಹರಿಯುವಂತೆ ಮಾಡಿ, ಅದರಲ್ಲಿ ಬೇಕಾದಷ್ಟು ಬಣ್ಣದ ಪುಡಿ ತುಂಬುವ ದಾರಿ 1920ರ ದಶಕದ ಆರಂಭದಲ್ಲಿ ಸಿಕ್ಕಿತು. ಅದೇ ಡ್ಯೂಕೋ. ಜನರಲ್ ಮೋಟರ್ಸಿನ ಓಕ್‌ಲೆಂಡ್ ಕಾರು 1924ರ ಮಾದರಿಯಾಗಿ ಡ್ಯೂಕೋದ ನೀಲಿ ಬಣ್ಣ ತೊಟ್ಟು ಬಂದಿತು. ಎಣ್ಣೆಯ ವಾರ್ನಿಷ್ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ದಿನಗಟ್ಟಲೆ ಬಲಿಯಬೇಕು. ಡ್ಯೂಕೋದಲ್ಲಿ ದ್ರಾವಕ ಆವಿಯಾದರೆ ಮುಗಿಯಿತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು, ಕುಂಚ ಹೋಗಿ ಸ್ಪ್ರೇ ಗನ್ ಬಂದಿತು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಡ್ಯೂಕೋ ಕಾಲದ ಕಾರುಗಳು ಕೆಟ್ಟಿದ್ದವೇ? ಅವುಗಳಲ್ಲಿ ಎಷ್ಟೋ ಇಂದಿಗೂ ಹಳೆಯ ಕಾರುಗಳ ಮೆರವಣಿಗೆಯಲ್ಲಿ ಹೊಳೆಯುತ್ತವೆ. ಒಂದೇ ಪದರ ಸಾಲುವಾಗ ಎರಡು ಏಕೆ? ಆಕ್ಷೇಪದಲ್ಲಿ ಹುರುಳಿದೆ. ಡ್ಯೂಕೋದಲ್ಲಿ ಕಾವಲಿನ ಕೆಲಸ ಮಾಡುತ್ತಿದ್ದುದು ಬಣ್ಣದ ಪುಡಿಯೇ. ನೈಟ್ರೋಸೆಲ್ಯುಲೋಸನ್ನು ಬಣ್ಣ ಬೆರೆಸದೆ ಹಾಗೆಯೇ ಬಿಸಿಲಿಗೆ ಒಡ್ಡಿದರೆ ಹಳದಿಯಾಗಿ ಬಿರಿಯುತ್ತದೆ. ಪುಡಿ ತುಂಬಿದರೆ ಅದು ಬಿಸಿಲನ್ನು ತಡೆದು ಪದರವನ್ನು ಕಾಯುತ್ತದೆ. ಮೇಲ್ಮೈ ಮಂಕಾದರೆ ಪಾಲಿಷ್ ಹಚ್ಚಿ ಉಜ್ಜಿದಾಗ ಅಡಿಯಿಂದ ಹೊಸ ಬಣ್ಣ ಕಾಣಿಸಿಕೊಳ್ಳುತ್ತದೆ. ಅಂದರೆ ಬಣ್ಣ ತನ್ನನ್ನೇ ಸವೆಸಿಕೊಂಡು ತನ್ನನ್ನು ಕಾಯುತ್ತಿತ್ತು, ಮತ್ತು ಅದು ಕಾಯುವುದು ಯಾರಾದರೂ ಉಜ್ಜುತ್ತಿದ್ದರೆ ಮಾತ್ರ. ಬಾಗಿಲು, ಬಾನೆಟ್ಟುಗಳ ಮಟ್ಟಸ ಬೆನ್ನನ್ನು ಭಾನುವಾರ ಭಾನುವಾರ ಉಜ್ಜಬಹುದು. ಗಾಲಿಯ ಕಡ್ಡಿಗಳ ಸಂದು, ನಟ್ಟಿನ ಗುಂಡಿ, ಒಳಬದಿಯ ಬಳೆ ಇವನ್ನು ಉಜ್ಜುವವರು ಯಾರು? ಚನ್ನಪಟ್ಟಣದ ಬೊಂಬೆಯಲ್ಲೂ ಬಣ್ಣ ಮತ್ತು ಕಾವಲು ಒಂದೇ. ಕಡಸಲಿನ ಮೇಲೆ ತಿರುಗುವ ಹಾಲೆ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿದಾಗ ಆ ಕಾವಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ; ಆಮೇಲೆ ಗರಿಯಿಂದ ತೀಡಿ ಹೊಳಪು ತರುತ್ತಾರೆ. ಅದರ ಮೇಲೆ ಬೇರೆ ಪದರವಿಲ್ಲ, ಬೇಕಾಗಿಯೂ ಇಲ್ಲ, ಏಕೆಂದರೆ ಬೊಂಬೆ ಬಾಳುವುದು ಮನೆಯೊಳಗೆ. ಒಂದೇ ಪದರ ಸಾಕೋ ಸಾಲದೋ ಎಂಬುದು ವಸ್ತು ಎಲ್ಲಿ ಬಾಳುತ್ತದೆ ಎನ್ನುವುದರ ಮೇಲಿದೆ. ಗಾಲಿಗಿಂತ ಕೆಟ್ಟ ಜಾಗದಲ್ಲಿ ಬಾಳುವ ಭಾಗ ಕಾರಿನ ಹೊರಮೈಯಲ್ಲಿ ಇನ್ನೊಂದಿಲ್ಲ.

ಮರದ ಕಡ್ಡಿಯ ಗಾಲಿಗಳು ಹೋಗಿ ತಂತಿಯ ಗಾಲಿ, ಒತ್ತಿದ ಉಕ್ಕಿನ ಗಾಲಿ ಬಂದ ದಶಕಗಳಲ್ಲಿ ಈ ಕೊರತೆ ಎದ್ದು ಕಾಣಲಿಲ್ಲ. ಉಕ್ಕಿನ ಗಾಲಿಗೆ ಎನಾಮಲ್ ಬಳಿದು, ಮೇಲೆ ಕ್ರೋಮಿನ ಮುಚ್ಚಳ ಕೂರಿಸಿದರೆ ಯಾರೂ ಗಾಲಿಯನ್ನು ನೋಡುತ್ತಿರಲಿಲ್ಲ. ಗಾಲಿಯ ಲೋಹವೇ ಅಲಂಕಾರವಾದಾಗ ಪರಿಸ್ಥಿತಿ ಬದಲಾಯಿತು. 1924ರ ಆಗಸ್ಟಿನಲ್ಲಿ ಲಿಯಾನ್ ಪಟ್ಟಣದ ಗ್ರಾನ್ ಪ್ರಿ ಓಟಕ್ಕೆ ಬುಗಾಟಿ ತಂದ ಟೈಪ್ 35 ಕಾರಿನಲ್ಲಿ ಎಂಟು ಚಪ್ಪಟೆ ಕಡ್ಡಿಗಳ, ಬ್ರೇಕ್ ಡ್ರಮ್ಮಿನೊಡನೆ ಒಂದಾಗಿ ಎರಕ ಹೊಯ್ದ ಅಲ್ಯೂಮಿನಿಯಂ ಗಾಲಿಗಳಿದ್ದವು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಓಟದ ಕಾರುಗಳಿಗೆ ಮೆಗ್ನೀಸಿಯಂ ಗಾಲಿಗಳು ಬಂದವು. 'ಮ್ಯಾಗ್ ವೀಲ್' ಎಂಬ ಮಾತು ಅಲ್ಲಿಂದ ಹುಟ್ಟಿ, ಇಂದು ಅಲ್ಯೂಮಿನಿಯಂ ಗಾಲಿಗೂ ಅದೇ ಹೆಸರು ಅಂಟಿಕೊಂಡಿದೆ. ಮೆಗ್ನೀಸಿಯಂ ಹಗುರ, ಆದರೆ ನೀರು ಮತ್ತು ಉಪ್ಪು ತಾಗಿದರೆ ಬಹುಬೇಗ ತಿನ್ನಿಸಿಕೊಳ್ಳುತ್ತದೆ. ಓಟದ ದಿನಕ್ಕೊಮ್ಮೆ ಬಿಚ್ಚಿ ಒರೆಸುವವರಿಗೆ ಅದು ಸರಿ, ಮಳೆಯಲ್ಲಿ ಬೀದಿಯಲ್ಲೇ ನಿಲ್ಲುವ ಕಾರಿಗಲ್ಲ. ಹೊಳಪು ಕೊಟ್ಟ ಲೋಹವನ್ನು ತೋರಿಸಬೇಕು, ಆದರೆ ಗಾಳಿಗೆ ಒಡ್ಡಬಾರದು ಎಂಬ ಬಿಕ್ಕಟ್ಟಿಗೆ ಬಣ್ಣದ ಪುಡಿ ತುಂಬಿದ ಪದರದಲ್ಲಿ ಉತ್ತರವಿಲ್ಲ. ಅದು ಕಾಯುತ್ತದೆ, ಆದರೆ ಮುಚ್ಚಿಬಿಡುತ್ತದೆ. ಬೇಕಾದದ್ದು ಪಾರದರ್ಶಕ ಕಾವಲು. 1966ರಲ್ಲಿ ಪೋರ್ಷೆ 911 ಎಸ್ ಕಾರಿಗೆ ಜರ್ಮನಿಯ ಓಟ್ಟೋ ಫುಕ್ಸ್ ಕಂಪನಿ ಮಾಡಿಕೊಟ್ಟ ಐದು ದಳದ ಗಾಲಿ ಇದಕ್ಕೆ ಸೊಗಸಾದ ಉತ್ತರ ಕೊಟ್ಟಿತು. ಬಡಿದು ರೂಪಿಸಿದ ಅಲ್ಯೂಮಿನಿಯಮ್ಮಿಗೆ ಆನೊಡೈಸ್ ಮಾಡಿ, ಲೋಹದ ಮೈಯಿಂದಲೇ ಗಟ್ಟಿಯಾದ ತಿಳಿ ಆಕ್ಸೈಡ್ ಪದರವನ್ನು ಬೆಳೆಸಿದರು. ಗಾಲಿಗೆಂದೇ ಯೋಚಿಸಿ ಮಾಡಿದ ಕಾವಲು ಅದು. ಸಾರೋಟಿನವರ ಕಾಲದ ನಂತರ ಗಾಲಿಗೆ ಅಷ್ಟು ಮರ್ಯಾದೆ ಸಿಕ್ಕಿದ್ದು ನನಗೆ ಕಾಣುವಂತೆ ಅದೇ ಮೊದಲು.

ಒಡಲಿನ ಕಡೆಯಿಂದಲೂ ಇದೇ ಅಗತ್ಯ ಹುಟ್ಟುತ್ತಿತ್ತು. ಬಣ್ಣದಲ್ಲಿ ಅಲ್ಯೂಮಿನಿಯಂ ಚೂರುಗಳನ್ನು ಬೆರೆಸಿದ ಮೆಟಾಲಿಕ್ ಬಣ್ಣಗಳು ಜನಪ್ರಿಯವಾದಷ್ಟೂ ಒಂದೇ ಪದರದ ದೌರ್ಬಲ್ಯ ಬಯಲಾಯಿತು. ಚೂರುಗಳು ಮೇಲ್ಮೈಗೆ ಬಂದರೆ ಮಳೆಯ ಆಮ್ಲ ಅವನ್ನು ಕಪ್ಪಾಗಿಸುತ್ತದೆ. ಉಜ್ಜಿ ಪಾಲಿಷ್ ಮಾಡಿದರೆ ಚೂರುಗಳೇ ಎದ್ದುಬರುತ್ತವೆ. ಹೀಗೆ 1970ರ ದಶಕದಲ್ಲಿ ಯುರೋಪಿನ ಮೆಟಾಲಿಕ್ ಕಾರುಗಳಲ್ಲಿ, 1980ರ ದಶಕದಲ್ಲಿ ಅಮೆರಿಕದಲ್ಲೂ, ಬಣ್ಣದ ಮೇಲೆ ಪಾರದರ್ಶಕ ಪದರ ಮರಳಿ ಬಂದಿತು. ಅದು ಬಿಸಿಲಲ್ಲಿ ಬಾಳುವಂತಾದದ್ದು ಅಕ್ರಿಲಿಕ್ ಮತ್ತು ಪಾಲಿಯುರಿಥೇನ್ ರಾಳಗಳಿಂದ, ಮತ್ತು ಅವುಗಳಲ್ಲಿ ಬೆರೆಸಿದ, ಅತಿನೇರಳೆ ಕಿರಣವನ್ನು ಹೀರುವ ಹಾಗೂ ಅದರ ಹಾನಿಯನ್ನು ಅಲ್ಲಲ್ಲೇ ತಣಿಸುವ ಸಂಯುಕ್ತಗಳಿಂದ. ಪಾಲಿಯುರಿಥೇನಿನ ಮೂಲಕ್ರಿಯೆಯನ್ನು 1937ರಲ್ಲಿ ಜರ್ಮನಿಯ ಲೆವರ್‌ಕೂಸೆನ್ನಿನಲ್ಲಿ ಓಟ್ಟೋ ಬೇಯರ್ ಕಂಡುಹಿಡಿದಿದ್ದ. ಹಳದಿಯಾಗದ ಬಗೆ ಬಣ್ಣದ ಅಂಗಡಿಗೆ ಬಂದದ್ದು ಆಮೇಲೆ.

ಇಲ್ಲಿ ರಸಾಯನಶಾಸ್ತ್ರ ಬಲ್ಲವರು ತಡೆಯಬಹುದು. ಕೌರಿ ರಾಳದ ವಾರ್ನಿಷಿಗೂ ಪಾಲಿಯುರಿಥೇನಿಗೂ ಯಾವ ನಂಟೂ ಇಲ್ಲ; ಒಂದರ ಉತ್ತರಾಧಿಕಾರಿ ಇನ್ನೊಂದು ಎನ್ನುವುದು ಬರೀ ಹೋಲಿಕೆ ಎಂದು. ವಸ್ತುಗಳ ವಂಶಾವಳಿ ನೋಡಿದರೆ ಅವರ ಮಾತು ನಿಜ. ಆದರೆ ಕಸುಬಿನ ಇತಿಹಾಸ ಬರೀ ವಸ್ತುವಿನ ಇತಿಹಾಸವಲ್ಲ, ಕೆಲಸ ಹಂಚಿಕೆಯ ಇತಿಹಾಸ ಕೂಡ. ಹೊಳಪಿಲ್ಲದ ತೆಳು ಬಣ್ಣ ಕೆಳಗೆ, ಹೊಳಪಿನ ದಪ್ಪ ಪದರ ಮೇಲೆ, ಸವೆಯುವ ಪಾಳಿ ಮೇಲಿನದರದು ಎಂಬ ಹಂಚಿಕೆ 1880ರ ಸಾರೋಟಿನಲ್ಲೂ 1980ರ ಕಾರಿನಲ್ಲೂ ಒಂದೇ. ಕಾರ್ಖಾನೆಯಿಂದ ಬಂದ ಮೆಟಾಲಿಕ್ ಬಣ್ಣದ ಪದರವನ್ನು ಮೇಲಿನದು ಹೊಡೆಯುವ ಮುನ್ನ ನೋಡಿದರೆ ಅದೂ ಸಾರೋಟಿನ ಬಣ್ಣದಂತೆಯೇ ಮಂಕು. ಇನ್ನು ಕೆಲವರು, ಕ್ಲಿಯರ್ ಕೋಟ್ ಬಂದದ್ದು ಹೊಳೆಯುವ ಕಾರನ್ನು ಮಾರುವುದಕ್ಕೆ, ಕಾವಲಿನ ಮಾತು ಜಾಹೀರಾತಿನದು ಎನ್ನುತ್ತಾರೆ. ಒಡಲಿನ ಮಟ್ಟಿಗೆ ಅದರಲ್ಲಿ ಅರ್ಧ ಸತ್ಯವಿದೆ. ಮೆಟಾಲಿಕ್ ಬಣ್ಣ ಬೇಕೇ ಬೇಕೆಂದು ಯಾವ ರಸ್ತೆಯೂ ಕೇಳಲಿಲ್ಲ. ಗಾಲಿಗೆ ಆ ಮಾತು ಸಲ್ಲುವುದಿಲ್ಲ. ಬ್ರೇಕ್ ಹಾಕಿದಾಗ ಪ್ಯಾಡು ಮತ್ತು ಡಿಸ್ಕಿನಿಂದ ಹಾರುವ ಕಬ್ಬಿಣದ ಬಿಸಿ ಪುಡಿ ಗಾಲಿಯ ಮೈಗೆ ನಾಟಿ, ನೀರು ಸೇರಿದೊಡನೆ ಅಲ್ಲೇ ತುಕ್ಕಾಗುತ್ತದೆ. ಸೋರಿದ ಬ್ರೇಕ್ ದ್ರವ ಬಣ್ಣವನ್ನು ಮೆತ್ತಗಾಗಿಸಿ ಎಬ್ಬಿಸುತ್ತದೆ. ಇವುಗಳೆದುರು ನಿಲ್ಲುವ ಪದರವನ್ನು ಅಲಂಕಾರ ಎನ್ನಲಾಗದು.

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ಕಣ್ಣೆದುರೇ ಇದೆ: ಕ್ಲಿಯರ್ ಕೋಟ್ ಸುಲಿಯುತ್ತದೆ. ಹಳೆಯ ಕಾರುಗಳ ಬಾನೆಟ್ಟಿನ ಮೇಲೆ ಬಿಳಿ ಚಕ್ಕೆ ಏಳುವುದನ್ನು ಯಾರೂ ನೋಡಬಹುದು. 1980ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳಲ್ಲಿ ಇದು ದೊಡ್ಡ ತಕರಾರೇ ಆಯಿತು. ಗಾಲಿಯಲ್ಲಿ ಅದು ಇನ್ನೊಂದು ರೂಪ ತಾಳುತ್ತದೆ. ಲೇತಿನಲ್ಲಿ ಮುಖ ಕೊರೆದು ಬರಿಯ ಲೋಹದ ಮೇಲೆ ಕ್ಲಿಯರ್ ಹೊಡೆದ ಡೈಮಂಡ್ ಕಟ್ ಗಾಲಿಗಳಲ್ಲಿ, ಎಲ್ಲೋ ಒಂದು ಅಂಚಿನಲ್ಲಿ ಕಲ್ಲು ತಾಗಿದ ಕಡೆ ನೀರೂ ಉಪ್ಪೂ ನುಗ್ಗಿ, ಪದರದ ಅಡಿಯಲ್ಲೇ ಹುಳು ಹರಿದಂತೆ ಬಿಳಿ ಎಳೆಗಳು ಹಬ್ಬುತ್ತವೆ. ಚೂಪು ಅಂಚಿನಲ್ಲಿ ಯಾವ ದ್ರವವೂ ನಿಲ್ಲದೆ ಹಿಂದೆ ಸರಿಯುವುದರಿಂದ ಅಲ್ಲಿ ಪದರ ಯಾವಾಗಲೂ ತೆಳು. ಕಾವಲೇ ಹೀಗೆ ಕುಸಿದರೆ ಅದರ ಹಿರಿಮೆ ಏನು? ಈ ಸೋಲುಗಳನ್ನು ಬಿಡಿಸಿ ನೋಡಿದರೆ, ಅವು ವಿಂಗಡಣೆಯ ಸೋಲಲ್ಲ, ವಿಂಗಡಣೆಯನ್ನು ಅರ್ಧಕ್ಕೆ ಬಿಟ್ಟದ್ದರ ಸೋಲು. ಅಮೆರಿಕದ ಆ ಕಾರುಗಳಲ್ಲಿ ಬಿಸಿಲು ಮೇಲಿನ ಪದರಗಳನ್ನು ದಾಟಿ ಅಡಿಯ ಪ್ರೈಮರಿನವರೆಗೆ ಇಳಿದು ಅದನ್ನು ಪುಡಿ ಮಾಡಿತ್ತು. ನಡುವೆ ಇರಬೇಕಾದ ಪದರವನ್ನು ಉಳಿತಾಯಕ್ಕಾಗಿ ಬಿಟ್ಟದ್ದೇ ಮುಖ್ಯ ಕಾರಣ. ಡೈಮಂಡ್ ಕಟ್ ಗಾಲಿಯಲ್ಲಿ ಲೋಹಕ್ಕೂ ಕ್ಲಿಯರಿಗೂ ನಡುವೆ ಪ್ರೈಮರೇ ಇಲ್ಲ. ಹತ್ತು ಪದರ ಕಟ್ಟಿದ ಮೇಲೆ ವಾರ್ನಿಷ್ ಹಚ್ಚುತ್ತಿದ್ದ ಸಾರೋಟಿನ ಬಣ್ಣಗಾರ ಇದನ್ನು ಒಪ್ಪುತ್ತಿರಲಿಲ್ಲ. ವರ್ಷಕ್ಕೊಮ್ಮೆ ಹೊಸದಾಗಿ ಬಳಿಯಬೇಕಾದ್ದು ಎಂಬ ಅವನ ಲೆಕ್ಕವನ್ನೂ ನಾವು ಮರೆತಿದ್ದೇವೆ. ಕಾರು ಕೊಂಡ ದಿನದ ಕ್ಲಿಯರ್ ಕಾರಿನ ಆಯುಷ್ಯಪೂರ್ತಿ ಇರಬೇಕೆಂದು ಬಯಸುತ್ತೇವೆ, ಗೀರು ಬಿದ್ದ ಗಾಲಿಯನ್ನು ಎರಡು ಮಳೆಗಾಲ ಹಾಗೆಯೇ ಓಡಿಸುತ್ತೇವೆ.

ಆದ್ದರಿಂದ ಇಂದು ಗಾಲಿಗೆ ಬಣ್ಣ ಆರಿಸುವವರು ತಲೆಕೆಳಗಿನಿಂದ ಆರಂಭಿಸಬೇಕು ಎಂಬುದು ನನ್ನ ಅಭಿಪ್ರಾಯ: ಮೊದಲು ಕ್ಲಿಯರ್, ಆಮೇಲೆ ಬಣ್ಣ. ಡಬ್ಬಿಯಿಂದ ನೇರವಾಗಿ ಚಿಮ್ಮುವ ಸಾಮಾನ್ಯ ಅಕ್ರಿಲಿಕ್ ಲ್ಯಾಕರ್ ಡ್ಯೂಕೋದಂತೆಯೇ ದ್ರಾವಕ ಆರಿ ಒಣಗುವಂಥದು. ಪೆಟ್ರೋಲೋ ತಿನ್ನರೋ ಬಿದ್ದರೆ ಮತ್ತೆ ಕರಗುತ್ತದೆ. ಹಾರ್ಡನರ್ ಬೆರೆಸಿ ಹೊಡೆಯುವ ಪಾಲಿಯುರಿಥೇನ್ ಒಳಗೊಳಗೇ ಹೆಣೆದುಕೊಂಡು ಬಲಿಯುವುದರಿಂದ ಕರಗುವುದಿಲ್ಲ. ಗಾಲಿಗೆ ತಕ್ಕದ್ದು ಅದೇ. ಆದರೆ ಅದರ ಹಾರ್ಡನರಿನಲ್ಲಿರುವ ಐಸೋಸಯನೇಟ್ ಹೊಡೆಯುವವನ ಶ್ವಾಸಕೋಶಕ್ಕೆ ಕೂತು ಜೀವನಪೂರ್ತಿ ಆಸ್ತಮಾ ತರಬಲ್ಲದು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹೊಡೆಯುವ ಹುಡುಗರಿಗೆ ಹೊರಗಿನಿಂದ ಶುದ್ಧಗಾಳಿ ಬರುವ ಮುಖವಾಡ ಕೊಡದೆ ಆ ಕೆಲಸ ಮಾಡಿಸುವುದು ತಪ್ಪು. ಒಲೆಯಲ್ಲಿ ಬೇಯಿಸುವ ಪೌಡರ್ ಕೋಟಿಂಗ್ ಕಲ್ಲೇಟಿಗೆ ಚೆನ್ನಾಗಿ ನಿಲ್ಲುತ್ತದೆ, ಆದರೆ ಅದು ಬೇಯುವುದು 180 ಡಿಗ್ರಿ ಸೆಲ್ಸಿಯಸಿನ ಆಸುಪಾಸಿನಲ್ಲಿ. ಎರಕದ ಅಲ್ಯೂಮಿನಿಯಂ ಗಾಲಿಯ ಗಟ್ಟಿತನವೂ ಅಂಥದೇ ಕಾವಿನಲ್ಲಿ ಹದ ಮಾಡಿದ್ದು, ಆದ್ದರಿಂದ ಮತ್ತೆ ಮತ್ತೆ ಬೇಯಿಸುವುದು ಒಳ್ಳೆಯದಲ್ಲ. ಮ್ಯಾಟ್ ಕ್ಲಿಯರ್ ಬಯಸುವವರಿಗೆ ತಿಳಿದಿರಬೇಕಾದ್ದು, ಅದನ್ನು ಉಜ್ಜಿ ಸರಿಪಡಿಸಲಾಗದು. ಉಜ್ಜಿದಲ್ಲಿ ಹೊಳಪಿನ ಕಲೆ ಏಳುತ್ತದೆ. ಇವೆಲ್ಲ ತೀರ್ಮಾನವಾದ ಮೇಲೆ ಬೆಳ್ಳಿಯೋ ಬೂದೋ ಕಪ್ಪೋ ಎಂಬುದು ಉಳಿಯುತ್ತದೆ. ಅಲ್ಲಿ ಮಾತ್ರ ಮನಸ್ಸಿಗೆ ಬಂದದ್ದನ್ನು ಆರಿಸಬಹುದು.

ಸ್ಪ್ರೇ ಗನ್ನಿನಿಂದ ಹೊಡೆಯುವ ಕೆಲಸಕ್ಕೆ ನಮ್ಮ ಮರಗೆಲಸದ ಅಂಗಡಿಗಳಲ್ಲಿ, ಹಳೆಯ ಗ್ಯಾರೇಜುಗಳಲ್ಲಿ ಇಂದಿಗೂ ಡ್ಯೂಕೋ ಎನ್ನುತ್ತಾರೆ. ಒಳಗೆ ನೈಟ್ರೋಸೆಲ್ಯುಲೋಸ್ ಇರಲಿ, ಪಾಲಿಯುರಿಥೇನ್ ಇರಲಿ, ಹೆಸರು ಡ್ಯೂಕೋ. ಮೇಲಿನ ಪಾರದರ್ಶಕ ಪದರವನ್ನು ಕಾರಿನಿಂದ ಅಳಿಸಿಹಾಕಿದ ಬಣ್ಣದ ಹೆಸರದು. ಆ ಹೆಸರು ಹೇಳಿಕೊಂಡೇ ಇವತ್ತು ಬಣ್ಣ ಹೊಡೆದು, ಅದು ಆರಿದ ಮೇಲೆ ಇನ್ನೊಂದು ಡಬ್ಬಿ ತೆರೆದು, ಸಾರೋಟಿನವರ ಕಡೆಯ ಪದರವನ್ನು ಗಾಲಿಗೆ ಹೊಡೆಯುತ್ತಾರೆ.